ಬೆರಳಿಗೆ ಸಿಗದ ಮರಳು

ಅದು ಶುರುವಾದದ್ದು ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ದೀಪಾವಳಿ ಕಳೆದು ಐದನೇ ದಿನ, ಬೆಳಗಿನ ಏಳು ಗಂಟೆಗೆ. ಚಳಿ ಬಿದ್ದಿತ್ತು. ಹಿಂದಿನ ಸಂಜೆ ತಂತಿಯ ಮೇಲೆ ಹಾಕಿದ ಬಟ್ಟೆ ಇಬ್ಬನಿಗೆ ಮತ್ತೆ ಒದ್ದೆಯಾಗಿತ್ತು. ನನ್ನ ಮಗ ಸುನೀಲ ಗುಜರಿ ಅಂಗಡಿಯಿಂದ ಒಂದು ಕಾರಿನ ಬಾನೆಟ್ಟು ಹೊತ್ತು ತಂದು ಬಾವಿಕಟ್ಟೆಗೆ ಒರಗಿಸಿ ನಿಲ್ಲಿಸಿದ. ಕಪ್ಪು ಬಣ್ಣದ್ದು, ಒಂದು ಮೂಲೆ ನುಗ್ಗಾಗಿತ್ತು. ಅದರ ಮೇಲೆ ಅಂಟುಪಟ್ಟಿ ಎಳೆದು ಮೂರು ಪಾಲು ಮಾಡಿದ.

"ಎಂತದಾ ಇದು?" ಅಂತ ನನ್ನ ಯಜಮಾನರು ಕೇಳಿದರು.

"ಪರೀಕ್ಷೆ ಅಪ್ಪಾ. ಹುಬ್ಬಳ್ಳಿ ಅಂಗಡಿಯವ ಹೇಳಿದ್ದೆಲ್ಲ ನಂಬಿ ಸಾಮಾನು ತರೂದಿಲ್ಲ ನಾನು. ಕಣ್ಣಲ್ಲಿ ನೋಡ್ಕಂಡೇ ತರೂದು."

ನಮ್ಮ ಮನೆ ಶಿರಸಿಯಲ್ಲಿ, ಯಲ್ಲಾಪುರ ರಸ್ತೆಗೆ ತಾಗಿ. ಆ ಮಳೆಗಾಲ ಮುಗಿದ ಮೇಲೆ ಸುನೀಲ ಗ್ಯಾರೇಜಿನ ಕೆಲಸ ಬಿಟ್ಟು, ಮುಂದಿನ ಅಂಗಳಕ್ಕೆ ಸಿಮೆಂಟು ಹಾಕಿಸಿ, ತಗಡಿನ ಚಪ್ಪರ ಎಬ್ಬಿಸಿ, ವಾಟರ್ ಸರ್ವಿಸ್ ಅಂತ ಬೋರ್ಡು ತೂಗುಹಾಕಿದ್ದ. ಕಾರು ತೊಳೆಯುವುದು, ಪಾಲಿಶು ಮಾಡುವುದು, ಮೇಣ ಹಚ್ಚುವುದು. ಊರಲ್ಲಿ ಕಾರು ಹೆಚ್ಚಾಗುತ್ತಿದ್ದ ಕಾಲ.

ಯಜಮಾನರಿಗೂ ಈ ಕೆಲಸ ಗೊತ್ತಿಲ್ಲದ್ದೇನಲ್ಲ. ಜಟ್ಟಪ್ಪ ಡ್ರೈವರ್ ಅಂದರೆ ಹಳಬರಿಗೆಲ್ಲ ಗೊತ್ತು. ಮೂವತ್ತೆರಡು ವರ್ಷ ಸಾಮಿಲ್ ಸಾಹುಕಾರರ ಅಂಬಾಸಿಡರ್ ಓಡಿಸಿದವರು. ಅಂಟುವಾಳ ಕಾಯಿ ನೆನೆಹಾಕಿ, ಆ ನೊರೆಯಲ್ಲಿ ಗಾಡಿ ತೊಳೆದು, ಹಳೇ ಪಂಚೆಯಲ್ಲಿ ಒರೆಸುತ್ತಿದ್ದರು. ಮಂಡಿನೋವು ಬಂದ ಮೇಲೆ ಮನೆಯಲ್ಲಿ ಕೂತಿದ್ದರು.

"ಒಂದು ಪಾಲಿಗೆ ನನ್ನ ಅಂಟುವಾಳ ಹಾಕು," ಅಂದರು. "ಆಮೇಲೆ ಮಾತಾಡು."

"ಹಾಕ್ತೆ. ನಿಮ್ಮ ಹಟಕ್ಕೆ ಒಂದು ಪಾಲು ಅಂತಲೇ ಪಟ್ಟಿ ಎಳೆದದ್ದು."

ಎರಡನೇ ಪಾಲಿಗೆ ನೀಲಿ ಬಾಟಲಿಯ ಶಾಂಪೂ. ಮೂರನೆಯದಕ್ಕೆ ಒಂದು ಬಿಳಿ ಕ್ಯಾನಿನದು. ಅದಕ್ಕೆ ಚೀಟಿಯೂ ಇಲ್ಲ, ಹೆಸರೂ ಇಲ್ಲ. ಮುಚ್ಚಳ ತೆಗೆದರೆ ಮೂಗು ಉರಿಯುತ್ತಿತ್ತು. ಮೊದಲು ಮೂರೂ ಪಾಲಿಗೆ ಹಳದಿ ಡಬ್ಬಿಯ ಮೇಣ ಹಚ್ಚಿ ತಿಕ್ಕಿ, ಅದರ ಮೇಲೆ ಕೆಮ್ಮಣ್ಣು ರಾಚಿ, ಡಾಂಬರಿನ ಚುಕ್ಕೆ ಇಟ್ಟು, ಎಂಟು ದಿನ ಬಿಸಿಲಿಗೆ ಬಿಟ್ಟ. ಎಲ್ಲದಕ್ಕೂ ಕೈ ನನ್ನ ಸೊಸೆ ಚೇತನಾಳದು.

ಚೇತನಾ ಮಂಚಿಕೇರಿ ಕಡೆಯವಳು. ಮದುವೆಯಾಗಿ ಬಂದು ಆಗ ಒಂದೂವರೆ ವರ್ಷ. ಆಳು ಸಿಗುವ ತನಕ ನೀನು ಸ್ವಲ್ಪ ಕೈ ಹಾಕು ಅಂತ ಸುನೀಲ ಹೇಳಿದ್ದ. ಆಳು ಹುಡುಕಿದ್ದನ್ನು ನಾನಂತೂ ನೋಡಲಿಲ್ಲ. ಅವಳು ಎಸ್ಸೆಸ್ಸೆಲ್ಸಿ ಓದಿದವಳು. ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೆ. ನಾನು ಮೂರನೇ ಇಯತ್ತೆ. ನೀಲಿ ಬಾಟಲಿ ತಿರುಗಿಸಿ ನೋಡಿ, "ಕೈಗವಸು ಹಾಕ್ಕಂಡು ಮಾಡ್ಬೇಕು ಅಂತ ಬರ್ದದೆ," ಅಂದಳು.

"ಅದು ಬರೀಲಿಕ್ಕೆ ಬರೀತಾರೆ," ಅಂದ ಸುನೀಲ.

"ಆ ಬಿಳಿ ಕ್ಯಾನಿನ ಮೇಲೆ ಎಂತ ಬರ್ದದೆ?" ಯಜಮಾನರು ಅವಳನ್ನು ಕೇಳಿದರು.

"ಎಂತದೂ ಇಲ್ಲ."

"ಹಾಗಾರೆ ಅದು ಒಳ್ಳೇದು ಮಾರಾಯ್ತಿ, ತಕರಾರೇ ಇಲ್ಲ," ಅಂತ ಯಜಮಾನರು ನಕ್ಕರು. ಎಲ್ಲರೂ ನಕ್ಕೆವು. ಚೇತನಾಳೂ ನಕ್ಕಳು.

ಎಂಟನೇ ದಿನ ಮೂರೂ ಪಾಲು ತೊಳೆದದ್ದಾಯಿತು. ಅಂಟುವಾಳದ ಪಾಲಿನಲ್ಲಿ ಮಣ್ಣು ಹೋಯಿತು, ಡಾಂಬರು ಹೋಗಲಿಲ್ಲ. ನೀಲಿ ಬಾಟಲಿಯಲ್ಲಿ ಎರಡೂ ಹೋದವು, ಆದರೆ ಡಾಂಬರಿಗೆ ಗಳಿಗೆಗಟ್ಟಲೆ ತಿಕ್ಕಬೇಕಾಯಿತು. ಬಿಳಿ ಕ್ಯಾನಿನದು ಒಂದು ಸಲ ಬಟ್ಟೆ ಎಳೆದದ್ದಕ್ಕೇ ಎಲ್ಲ ಹೋಗಿ ಬೋಳಾಯಿತು.

ಯಜಮಾನರು ಒಂದು ಚೊಂಬು ನೀರು ತಂದು ಬಾನೆಟ್ಟಿನ ಮೇಲಿಂದ ಸುರಿದರು. ಎರಡು ಪಾಲಿನಲ್ಲಿ ನೀರು ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿ ಹನಿಯಾಗಿ ಉರುಳಿತು. ಮೂರನೆಯದರಲ್ಲಿ ಹರಡಿ ಹರಿದುಹೋಯಿತು.

"ನೋಡು, ಮೇಣವನ್ನೂ ತಿಂದದೆ," ಅಂದರು. "ಗಾಡಿ ತೊಳೆಯೂದು ಅಂದ್ರೆ ಹೊಲಸು ತೆಗೆಯೂದು, ಚರ್ಮ ಸುಲಿಯೂದಲ್ಲ."

"ಮೇಣ ಮತ್ತೆ ಹಚ್ಚಿದ್ರಾತು. ಹೆಂಗೂ ಹಚ್ಚೂದೇ ಅಲ್ದಾ? ಹೊತ್ತು ಎಷ್ಟು ಉಳೀತದೆ ನೋಡಿ ಅಪ್ಪಾ. ನಿಮ್ಮ ಅಂಟುವಾಳದಲ್ಲಿ ಒಂದು ಗಾಡಿ ತೊಳೆಯೂದರೊಳಗೆ ಮೂರು ಗಾಡಿ ಆಗ್ತಾವೆ."

"ಕೈ ಉರಿತದೆ," ಅಂದಳು ಚೇತನಾ.

"ತೊಳ್ಕಾ, ಹೋಗ್ತದೆ," ಅಂದ ಸುನೀಲ.

ಬಾನೆಟ್ಟಿನ ಮೂರೂ ಪಾಲನ್ನು ನಾವು ಬಗ್ಗಿ ಬಗ್ಗಿ ನೋಡಿದೆವು. ಬಿಸಿಲಿಗೆ ಹಿಡಿದು ನೋಡಿದೆವು, ಉಗುರಿನಲ್ಲಿ ಗೀರಿ ನೋಡಿದೆವು. ಅವಳು ಹಿಂದೆ ನಿಂತು ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಬಿಳಿ ಕ್ಯಾನು ಆರಿಸಿದ್ದಾಯಿತು.

ಕೆಲಸದಲ್ಲಿ ಚೇತನಾಳ ಕೈ ಬಹಳ ಹದದ್ದು. ಕಾರಿಗೆ ಪಾಲಿಶು ಹಾಕುವ ಮೊದಲು ಬಣ್ಣದ ಮೇಲೆ ಬೆರಳು ಆಡಿಸಿ ನೋಡಬೇಕು. ಕಣ್ಣಿಗೆ ಕಾಣದ ಮರಳು ಬೆರಳಿಗೆ ಸಿಗುತ್ತದೆ. ಆ ಮರಳು ಬಟ್ಟೆಯಲ್ಲಿ ಸಿಕ್ಕಿಕೊಂಡರೆ, ತಿಕ್ಕಿದಲ್ಲೆಲ್ಲ ಗೀರು. ಅದನ್ನು ಯಜಮಾನರೇ ಅವಳಿಗೆ ಕಲಿಸಿದ್ದರು. ಅವಳ ಕಣ್ಣು ಮುಚ್ಚಿಸಿ, ಬಾನೆಟ್ಟಿನ ಮೇಲೆ ಒಂದೇ ಒಂದು ಕಾಳು ಮರಳು ಇಟ್ಟು, "ಎಲ್ಲದೆ ಹೇಳು ತಂಗಿ," ಅನ್ನುವರು. ಅವಳು ಮೂರು ಸಲ ಕೈ ಆಡಿಸುವುದರೊಳಗೆ ಬೆರಳು ಇಟ್ಟು ತೋರಿಸುವಳು.

"ನನಗೂ ಇಷ್ಟು ಸೂಕ್ಷ್ಮ ಇರ್ಲಿಲ್ಲ ಗಂಗೆ," ಅಂತ ನನ್ನ ಹತ್ತಿರ ಹೇಳುವರು. ಸುನೀಲನ ಬಗ್ಗೆ ಹಾಗೆ ಒಂದು ದಿನವೂ ಹೇಳಿದವರಲ್ಲ.

ವಿಘ್ನೇಶ್ವರ ಭಟ್ಟರು ತಮ್ಮ ಬಿಳಿ ಮಾರುತಿ ತಗೊಂಡು ಹೋಗಲು ಬಂದವರು ಅದರ ಸುತ್ತ ಎರಡು ಸುತ್ತು ಬಂದರು. "ಜಟ್ಟಪ್ಪಾ, ನಿನ್ ಸೊಸೆ ಕೈ ಭಾರೀ ಚೊಲೋ ಇದ್ದು ಮಾರಾಯಾ. ಹೊಸ್ತು ತಗಂಡಾಗ್ಲೂ ಇದು ಹಿಂಗೆ ಹೊಳೆದಿತ್ತಿಲ್ಲೆ." ಆ ಮಾತು ಕೇಳಿ ಚೇತನಾ ಅಡಿಗೆಮನೆಗೆ ಬಂದು ನನ್ನ ಮುಂದೆ ಇನ್ನೊಂದು ಸಲ ಹೇಳಿದಳು. ನಾನು ತೆಂಗಿನಕಾಯಿ ತುರಿಯುತ್ತಿದ್ದೆ. "ಹೌದನೇ," ಅಂದೆ ಅಷ್ಟೆ. ಇನ್ನೂ ಒಂದು ಮಾತು ಆಡಬಹುದಿತ್ತು.

ಡಿಸೆಂಬರ್ ಬರುವ ಹೊತ್ತಿಗೆ ಅವಳ ಕೈ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಬೆರಳಿನ ಗೆಣ್ಣುಗಳಲ್ಲಿ ಬಿರುಕು ಬಿಟ್ಟಿತು. ಒಂದು ಮಧ್ಯಾಹ್ನ ಅವಳು ಚಮಚ ಹಿಡಿದು ಊಟಕ್ಕೆ ಕೂತಳು. ಅವತ್ತು ಹುರುಳಿ ಸಾರು, ಖಾರದ್ದು.

ಯಜಮಾನರು ನೋಡಿದರು. "ಎಂತ ತಂಗಿ, ಹೋಟೆಲಿಗೆ ಬಂದಾಂಗೆ?"

"ಸಾರಿನ ಖಾರ ಬಿರುಕಿಗೆ ತಾಗ್ತದೆ ಮಾವ."

"ಅನ್ನ ಕೈಯಲ್ಲೇ ಉಣ್ಬೇಕು. ನಮ್ಮ ಮನೆಯಲ್ಲಿ ಸತ್ತವರೂ ಚಮಚದಲ್ಲಿ ಉಂಡದ್ದಿಲ್ಲ."

"ಉಣ್ಲಿ ಬಿಡಿ," ಅಂದ ಸುನೀಲ, ತಟ್ಟೆಯಿಂದ ತಲೆ ಎತ್ತದೆ. "ಹೊತ್ತಾತು. ಎರಡು ಗಂಟೆಗೆ ಒಂದು ಇಂಡಿಕಾ ಬರ್ತದೆ."

"ಎರಡು ಜೊತೆ ರಬ್ಬರ್ ಗ್ಲೌಸ್ ತಂದುಕೊಡಿ," ಅಂದಳು ಅವಳು.

"ಗ್ಲೌಸ್ ಹಾಕಿದ್ರೆ ಮರಳು ಗೊತ್ತಾಗ್ತದಾ? ಅಪ್ಪನ ಹತ್ರ ಕೇಳು."

"ಗೊತ್ತಾಗೂದಿಲ್ಲ," ಅಂದರು ಯಜಮಾನರು. ಆ ವರ್ಷ ಅಪ್ಪ ಮಗ ಒಪ್ಪಿದ ಮಾತು ಅದೊಂದೇ.

"ತೊಳೆಯುವಾಗ ಹಾಕ್ಕಂತೆ, ಒರೆಸುವಾಗ ತೆಗೀತೆ."

"ಹಾಕೂದು ತೆಗೆಯೂದು ಮಾಡ್ತಾ ಕೂತ್ರೆ ದಿನಕ್ಕೆ ಎರಡು ಗಾಡಿಯೂ ಆಗೂದಿಲ್ಲ. ಆಳು ಸಿಗ್ಲಿ, ನಿನ್ನ ಬಿಡಿಸ್ತೆ. ಹೇಳಿದ್ನಲ್ಲ."

ಅವಳು ಚಮಚ ಕೆಳಗಿಟ್ಟು, ಸಾರು ಹಾಕಿಸಿಕೊಳ್ಳದೆ, ಮಜ್ಜಿಗೆ ಅನ್ನ ಉಂಡು ಎದ್ದಳು. ಮರುದಿನದಿಂದ ಅವಳ ಪಾಲಿಗೆ ಖಾರ ಹಾಕದ ಬೇಳೆ ಸ್ವಲ್ಪ ತೆಗೆದಿಡಲು ಶುರುಮಾಡಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದೂ ಒಂದು ಮಾತಾಗುತ್ತಿತ್ತು.

ನನ್ನ ತವರು ಸಿದ್ದಾಪುರದ ಬಿಳಗಿ. ಅಲ್ಲಿಂದ ಬೇಸಗೆಯಲ್ಲಿ ಮುರುಗಲು ತುಪ್ಪ ತರಿಸಿ ಇಡುತ್ತಿದ್ದೆ. ಮುರುಗಲು ಹಣ್ಣಿನ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಉಂಡೆ ಮಾಡಿದ್ದು, ಮೇಣದಂತೆ ಗಟ್ಟಿ. ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ನಮ್ಮಲ್ಲಿ ಅದೇ ಮದ್ದು. ಒಂದು ಉಂಡೆಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಅವಳ ಕೈಗೆ ನಾನೇ ಹಚ್ಚಿದೆ. "ದಿನಾ ಎರಡು ಹೊತ್ತು ಹಚ್ಚು. ಕೆಲಸಕ್ಕೆ ಹೋಗುವ ಮುಂಚೆಯೂ ಹಚ್ಚು, ಆ ವಿಷ ಒಳಗೆ ಇಳಿಯೂದಿಲ್ಲ," ಅಂದೆ.

ಹತ್ತು ದಿನದಲ್ಲಿ ಬಿರುಕು ಕೂಡಿತು. ಅವಳು ಮತ್ತೆ ಕೈಯಲ್ಲಿ ಕಲಸಿ ಉಂಡಳು. ಸಾರು ಎರಡನೇ ಸಲ ಹಾಕಿಸಿಕೊಂಡಳು.

ಜನವರಿಯಲ್ಲಿ ಬನವಾಸಿ ಕಡೆಯ ಗುತ್ತಿಗೆದಾರ ದ್ಯಾಮಪ್ಪ ಹೊಸ ಕಾರು ತಂದರು. ಕಡುಗಪ್ಪು, ಮುಖ ಕಾಣುವಂಥದ್ದು. ಮುಂದಿನ ತಿಂಗಳು ಮಗಳ ಮದುವೆ. ಹುಡುಗಿಯನ್ನು ಅದರಲ್ಲೇ ಕಳಿಸುವವರು. ಈಗ ಒಂದು ಸಲ ಮಾಡಿಸಿ ನೋಡಿ, ಕೈ ಸರಿಯಿದ್ದರೆ ಮದುವೆಗೂ ನಿಮ್ಮಲ್ಲೇ, ದಿಬ್ಬಣದ ಬೇರೆ ಆರು ಗಾಡಿಯೂ ನಿಮಗೇ ಅಂದಿದ್ದರು. ಸುನೀಲ ಎರಡು ದಿನ ಅದರ ಬಗ್ಗೆಯೇ ಮಾತಾಡಿದ್ದ.

ಕೆಲಸ ಮುಗಿಸಿ ಕಾರನ್ನು ಬಿಸಿಲಿಗೆ ತಂದಾಗ, ಬಾಗಿಲಿನ ಮೇಲೆ, ಗಾಜಿನ ಮೇಲೆ ಎಣ್ಣೆ ಸವರಿದಂಥ ಕಲೆ. ಮೇಣ ಅಲ್ಲಲ್ಲಿ ಹಿಡಿದಿರಲೇ ಇಲ್ಲ. ದ್ಯಾಮಪ್ಪ ಕಾರಿನ ಸುತ್ತ ಬಂದು ನಿಂತರು.

"ಏನ್ರೀ ಸುನೀಲಣ್ಣ, ನನ್ನ ಗಾಡಿ ಮ್ಯಾಲೆ ಒಗ್ಗರಣಿ ಕೈ ಒರಸೀರೇನು?"

"ಇಲ್ರೀ, ಈಗ ಸರಿ ಮಾಡಿಕೊಡ್ತೆ."

"ಮಾಡಿಕೊಡ್ರಿ. ಮದುವಿ ದಿನ ಹಿಂಗ ಆದ್ರ ಬೀಗರು ನನ್ನ ಮುಖಾನೂ ಅದರಾಗ ನೋಡಂಗಿಲ್ಲ."

ಎಲ್ಲ ಒರೆಸಿ ಮೊದಲಿಂದ ಮಾಡಿ ಕಳಿಸುವಾಗ ಸಂಜೆಯಾಗಿತ್ತು. ದ್ಯಾಮಪ್ಪನವರ ಕಾರು ರಸ್ತೆಗೆ ಇಳಿದದ್ದೇ ಸುನೀಲ ಅಡಿಗೆಮನೆಗೆ ಬಂದ. ಚೇತನಾ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ಹಿಡಿದು ಮೂಗಿಗೆ ತಂದುಕೊಂಡು ಮೂಸಿದ.

"ಎಂತ ಹಚ್ಕಂಡಿದ್ದೆ?"

"ಮುರುಗಲು ತುಪ್ಪ."

"ಗಾಡಿ ಮುಟ್ಟುವ ಕೈಗೆ ತುಪ್ಪ ಹಚ್ಚೂದಾ? ಬುದ್ಧಿ ಇದೆಯಾ ನಿಂಗೆ? ಯಾರು ಹೇಳಿದ್ದು?"

ನಾನು ಒಲೆಯ ಮುಂದೆ ಕೂತಿದ್ದೆ. ಚೇತನಾ ನನ್ನ ಕಡೆ ನೋಡಿದಳು. ಹೆಚ್ಚು ಹೊತ್ತಲ್ಲ, ಒಂದು ಸಲ ಮೊರದಲ್ಲಿ ಅಕ್ಕಿ ಕೇರುವಷ್ಟು ಹೊತ್ತು. ನಾನು ಒಲೆಯ ಕೊಳ್ಳಿ ಮುಂದೆ ದೂಡಿದೆ.

"ಯಾರೂ ಹೇಳಿದ್ದಲ್ಲ," ಅಂದಳು ಅವಳು. "ನಾನೇ ಹಚ್ಕಂಡದ್ದು."

ಸುನೀಲ ಗೂಡಿನಲ್ಲಿದ್ದ ಉಂಡೆ ತೆಗೆದು ಬಚ್ಚಲ ಹಿಂದೆ ಎಸೆದ. "ಇನ್ನೊಂದು ಸಲ ಕೈಗೆ ಎಂತಾರೂ ಹಚ್ಚಿದ್ದು ನೋಡಿದ್ರೆ ನೋಡು." ಅವಳು ಅಕ್ಕಿ ಆರಿಸುವುದನ್ನು ಮುಗಿಸಿದಳು. ಅವತ್ತು ರಾತ್ರಿಯ ಅನ್ನದಲ್ಲಿ ಒಂದು ಕಲ್ಲೂ ಇರಲಿಲ್ಲ.

ನಾನು ಈ ಮನೆಗೆ ಬಂದು ನಲವತ್ತು ವರ್ಷ. ಮಾತು ಬೆಳೆಯಬಾರದು ಅಂತ ಸುಮ್ಮನಿದ್ದೇ ದಿನ ಕಳೆದವಳು. ಆದರೆ ಆ ಸಂಜೆ ನಾನು ಸುಮ್ಮನಿದ್ದದ್ದು ಮಗನ ಸಿಟ್ಟಿಗೆ ಹೆದರಿ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಆಮೇಲೆ ಅವಳು ಕೈಗೆ ಏನೂ ಹಚ್ಚಲಿಲ್ಲ. ನಾನು ಗುಟ್ಟಾಗಿ ಇನ್ನೊಂದು ಉಂಡೆ ಕೊಡಲು ಹೋದರೆ, "ಬ್ಯಾಡ ಅತ್ತೆ," ಅನ್ನುವಳು. ಗಾಡಿಗಳು ಹೆಚ್ಚಾದವು. ಬಿರುಕು ಮತ್ತೆ ಬಿಟ್ಟು, ಒಣಗಿ, ಮೇಲೊಂದು ದಪ್ಪ ಚರ್ಮ ಬಂತು. ಆಲೂಗಡ್ಡೆ ಸಿಪ್ಪೆಯ ಹಾಗೆ ಬೆರಳ ತುದಿ ಸುಲಿಯುತ್ತಿತ್ತು. ಒಂದು ಬೆಳಿಗ್ಗೆ ದೋಸೆ ಕಾವಲಿಯ ಅಂಚಿಗೆ ಅವಳ ಬೆರಳು ತಾಗಿತು. ಕೈ ಹಿಂದೆ ತೆಗೆಯಲೇ ಇಲ್ಲ ಅವಳು. ನಾನೇ ಎಳೆದೆ.

"ಸುಡ್ಲಿಲ್ಲವನೇ?"

"ಗೊತ್ತಾಗ್ಲಿಲ್ಲ," ಅಂದಳು. ಆಮೇಲೆ ಮೆಲ್ಲಗೆ, "ಅವರಿಗೆ ಹೇಳ್ಬ್ಯಾಡಿ," ಅಂದಳು.

ನಾನು ಹೇಳಲಿಲ್ಲ. ಹೇಳಬೇಕಾಗಿತ್ತು.

ಫೆಬ್ರವರಿ ಕೊನೆಗೆ ದ್ಯಾಮಪ್ಪನವರ ಕಾರು ಮತ್ತೆ ಬಂತು. ಮದುವೆಗೆ ಇನ್ನು ಮೂರೇ ದಿನ. ಬನವಾಸಿ ರಸ್ತೆಯ ಕೆಂಪು ಧೂಳು ಕಾರಿನ ಸಂದುಗಳಲ್ಲೆಲ್ಲ ಕೂತಿತ್ತು. ಚೇತನಾ ಬಿಳಿ ಕ್ಯಾನಿನದು ಹಾಕಿ ತೊಳೆದಳು, ಬೆರಳಾಡಿಸಿ ನೋಡಿದಳು, ಬಟ್ಟೆಗೆ ಪಾಲಿಶು ತಗೊಂಡು ತಿಕ್ಕಿದಳು. ಸುತ್ತು ಸುತ್ತಾಗಿ, ಮಾವ ಕಲಿಸಿದ ಹಾಗೆಯೇ. ಮಧ್ಯಾಹ್ನ ಕಾರನ್ನು ಬಿಸಿಲಿಗೆ ತಂದರು. ಬಾನೆಟ್ಟಿನ ತುಂಬ, ಒಂದು ಬದಿಯ ಎರಡೂ ಬಾಗಿಲ ತುಂಬ ಸುತ್ತು ಸುತ್ತು ಗೀರು. ಜೇಡರ ಬಲೆ ಹಾಸಿದ ಹಾಗೆ ಕಾಣುತ್ತಿತ್ತು.

ದ್ಯಾಮಪ್ಪ ಕೂಗಾಡಲಿಲ್ಲ. "ಚೊಲೋ ಆತು ಬಿಡ್ರಿ. ಬೆಕ್ಕು ಪರಚಿದಂಗ ಆಗೇತಿ," ಅಂದರು. "ದಿಬ್ಬಣದ ಗಾಡಿಗೋಳು ಬರಂಗಿಲ್ಲ. ನಾ ಹಾನಗಲ್ಲಿಗೆ ಒಯ್ತೀನಿ." ಕಾರು ಹತ್ತಿ ಹೋದರು.

ಸುನೀಲನ ಮುಖ ಕಪ್ಪಿಟ್ಟಿತ್ತು. ಪೈಪು ಕೆಳಗೆ ಬಿಸಾಡಿದ. ನೀರು ಅಂಗಳದ ತುಂಬ ಹರಿಯಿತು.

"ಕಣ್ಣು ಎಲ್ಲಿತ್ತು ನಿಂದು? ಬೇಕಂತಲೇ ಮಾಡಿದ್ಯಾ? ತುಪ್ಪ ಎಸೆದದ್ದಕ್ಕೆ ಸೇಡಾ?"

ಯಜಮಾನರು ಮಂಡಿ ಹಿಡಿದುಕೊಂಡು ಜಗಲಿಯಿಂದ ಇಳಿದು ಬಂದರು. ಬಾವಿಕಟ್ಟೆಗೆ ಒರಗಿಸಿದ್ದ ಆ ಹಳೇ ಬಾನೆಟ್ಟಿನ ಹತ್ತಿರ ಅವಳನ್ನು ಕರೆದರು. "ಕಣ್ಣು ಮುಚ್ಚು ತಂಗಿ," ಅಂದರು. ಒಂದು ಕಾಳು ಮರಳು ಇಟ್ಟರು. ಅವಳು ಕೈ ಆಡಿಸಿದಳು. ಮೂರು ಸಲ ಆಯಿತು, ನಾಲ್ಕಾಯಿತು. ಆಮೇಲೆ ಒಂದು ಹಿಡಿ ತಗೊಂಡು ಅವಳ ಬೆರಳ ಕೆಳಗೇ ಉದುರಿಸಿದರು. ನನ್ನ ಕಣ್ಣಿಗೆ ದೂರದಿಂದಲೂ ಆ ಮರಳು ಕಾಣುತ್ತಿತ್ತು.

"ಸಿಕ್ತಾ?"

"ಇಲ್ಲ ಮಾವ."

ಯಜಮಾನರು ಅವಳ ಕೈ ತಿರುಗಿಸಿ ಅಂಗೈ ನೋಡಿದರು. ಆ ಮೂರು ತಿಂಗಳಲ್ಲಿ ಅವರು ಆ ಕೈಯನ್ನು ಸರಿಯಾಗಿ ನೋಡಿದ್ದು ಅವತ್ತೇ. ನಾನು ಕಂಬ ಹಿಡಿದು ನಿಂತಿದ್ದೆ. ಈಗಲಾದರೂ ಒಬ್ಬರು ಮಾತಾಡುತ್ತಾರೆ ಅಂದುಕೊಂಡೆ. ಚೇತನಾಳೂ ಅವರ ಮುಖವನ್ನೇ ನೋಡುತ್ತಿದ್ದಳು.

"ಬೈಬ್ಯಾಡ ತಮಾ," ಅಂದರು ಅವರು ಮಗನಿಗೆ. "ಅವಳ ತಪ್ಪಲ್ಲ. ಕೈ ಹೋಯ್ತು. ಇನ್ನು ಇವಳನ್ನು ಪಾಲಿಶಿಗೆ ಕೂರಿಸಬ್ಯಾಡ. ತೊಳೆಯೂದೊಂದು ಮಾಡ್ಲಿ. ಅದಕ್ಕೆ ಬೆರಳು ಬೇಕಂತಿಲ್ಲ."

ಸುನೀಲ ಪೈಪು ಎತ್ತಿಕೊಂಡು, "ಹಂಗೇ ಮಾಡ್ವ," ಅಂದ.

ಚೇತನಾ ಕೈ ಬಿಡಿಸಿಕೊಂಡು ಒಳಗೆ ಬಂದಳು. ಅವತ್ತು ಗುರುವಾರ. ರಾತ್ರಿ ಎಲ್ಲರಿಗೂ ಬಡಿಸಿದಳು. ತಾನು ಚಮಚ ತಗೊಂಡು ಯಜಮಾನರ ಎದುರಿಗೇ ಕೂತು ಉಂಡಳು.

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಮಿಂದು, ಸೀರೆ ಉಟ್ಟು, ಬ್ಯಾಗು ಹಿಡಿದು ಜಗಲಿಗೆ ಬಂದಳು. ಸುನೀಲ ಪಂಪಿನ ಹತ್ತಿರ ಇದ್ದ.

"ಎಲ್ಲಿಗೆ?"

"ಮಂಚಿಕೇರಿಗೆ."

"ಎಷ್ಟು ದಿನಕ್ಕೆ?"

"ಆಳು ಹುಡುಕಿ," ಅಂದಳು ಅವಳು.

"ಹೋಗ್ಲಿ ಬಿಡು, ಎರಡು ದಿನ ಇದ್ದು ಬರ್ತದೆ," ಅಂದರು ಯಜಮಾನರು.

ನನಗೆ ಗೊತ್ತಾಗಿತ್ತು, ಎರಡು ದಿನದ್ದಲ್ಲ ಅಂತ. ಗೇಟಿನ ತನಕ ಹಿಂದೆ ಹೋದೆ. ಹೇಳಲಿಕ್ಕೆ ಬಹಳ ಇತ್ತು. ತುಪ್ಪ ಹಚ್ಚಿದ್ದು ನಾನು ಅಂತ ಅವತ್ತು ಹೇಳಲಿಲ್ಲ, ತಪ್ಪಾಯಿತು ಮಗಾ ಅಂತ ಹೇಳಬೇಕು ಅಂತಲೇ ಹೋದೆ. ಬಾಯಿಂದ ಬಂದದ್ದು ಬೇರೆ.

"ಇವತ್ತು ಶುಕ್ರವಾರ ಕಣೇ. ಶುಕ್ರವಾರ ಮನೆಯ ಹೆಣ್ಣು ಹೊಸ್ತಿಲು ದಾಟಿ ಹೋಗಬಾರದು."

ಅವಳು ನಿಂತಳು. "ಶುಕ್ರವಾರ ಮಾರಿಗುಡಿಗೆ ಪೂಜೆಗೆ ಹೋಗುವ ಗಾಡಿ ಜಾಸ್ತಿ ಬರ್ತಾವೆ," ಅಂದಳು. "ಅದಕ್ಕಾ ಅತ್ತೆ?"

ಸೆರಗಿನಲ್ಲಿ ಮುಚ್ಚಿ ತಂದಿದ್ದ ಮುರುಗಲು ತುಪ್ಪದ ಉಂಡೆಯನ್ನು ಅವಳ ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು, ನನ್ನ ಕೈಯನ್ನೂ ನೋಡಿದಳು.

"ನಿಮ್ಮ ಹತ್ರವೇ ಇರ್ಲಿ. ನಿಮಗೆ ಬೇಕಾಗ್ತದೆ."

ರಸ್ತೆ ದಾಟಿ ಆ ಬದಿಗೆ ನಿಂತಳು. ಬಸ್ಸು ಬಂತು. ಬ್ಯಾಗನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಬೆರಳಲ್ಲಿ ಹಿಡಿಯದೆ, ಅಂಗೈಯಿಂದ ಕಂಬಿ ಒತ್ತಿ ಹತ್ತಿದಳು.

ಆ ಬೆಳಿಗ್ಗೆ ಹತ್ತು ಗಂಟೆಗೆ ಮೊದಲ ಕಾರು ಬಂತು. ಸುನೀಲ ಅತ್ತ ಇತ್ತ ನೋಡಿ, "ಆಯಿ, ಸ್ವಲ್ಪ ಬಾ," ಅಂತ ಕರೆದ. ನಾನು ಬಕೆಟ್ಟಿನ ಹತ್ತಿರ ಕೂತೆ. ಬಿಳಿ ಕ್ಯಾನಿನದು ಕೈಗೆ ತಾಗಿದಾಗ ಮೊದಲು ತಣ್ಣಗೆ, ಆಮೇಲೆ ಉರಿ.

ಮರುವಾರ ಅವನು ಹುಬ್ಬಳ್ಳಿಗೆ ಹೋದವ ನನಗೆ ಅಂತ ರಬ್ಬರಿನ ಗ್ಲೌಸ್ ತಂದ. ಒಂದಲ್ಲ, ಐದು ಜೊತೆ. "ತೊಳೆಯುವಾಗ ಹಾಕ್ಕ ಆಯಿ, ಒರೆಸುವಾಗ ತೆಗಿ. ರಾತ್ರಿ ತುಪ್ಪ ಹಚ್ಕಾ. ಆಯಿಯ ಕೈ ನೋಡಿದ್ರೆ ಊರವರು ಎಂತ ಹೇಳ್ಯಾರು," ಅಂದ. ಯಜಮಾನರು, "ಹೌದು, ಹಾಕ್ಕ," ಅಂದರು. ನಾನು ಹಾಕಿಕೊಂಡೆ. ಬೆರಳಿಗೆ ಸರಿಯಾಗಿ ಕೂತವು.

ಯುಗಾದಿಗೆ ಕರೆಯಲು ಸುನೀಲ ಮಂಚಿಕೇರಿಗೆ ಒಂದು ಸಲ ಹೋಗಿದ್ದ. ಒಬ್ಬನೇ ಬಂದ. ಹೆಬ್ಬೆರಳು ಬಿಟ್ಟು ಅವಳ ಉಳಿದ ಬೆರಳಿಗೆ ಇನ್ನೂ ಬಿಸಿ ತಂಪು ತಿಳಿಯುವುದಿಲ್ಲವಂತೆ ಅಂತ ಹೇಳಿದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಾನೆಟ್ಟನ್ನು ಆ ಮಳೆಗಾಲಕ್ಕೆ ಮೊದಲು ಮತ್ತೆ ಗುಜರಿಗೆ ಹಾಕಿದರು.

ಚೇತನಾ ಈ ಮನೆ ಬಿಟ್ಟು ಹೋದದ್ದು ಎರಡು ಸಾವಿರದ ಐದನೇ ಇಸವಿಯ ಫೆಬ್ರವರಿ ಕೊನೆಯ ಶುಕ್ರವಾರ, ಬೆಳಗಿನ ಎಂಟೂವರೆಯ ಯಲ್ಲಾಪುರ ಬಸ್ಸಿಗೆ.